ಅಂಟುಜಾಡ್ಯ ಬಂದಾಗ ಸರಕಾರದ ಮೇಲೆ ದಾವೆ ಹೂಡಬಹುದೆ?

(ಗ್ರಾಮಸಭೆಯಲ್ಲಿ ಮಾಡಿದ ಭಾಷಣ)



ಊರಿಗೆ ವಾಂತಿಭೇದಿ ಬಂದು ದುಡಿಯುವ ಮಗನೊಬ್ಬ ತೀರಿಕೊಂಡನೆನ್ನಿ. ಅಳು ನಿಲ್ಲುವ ಮೊದಲೇ ಮನೆಯವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ‘ಕುಡಿಯುವ ನೀರಿಗೆ ಗಟಾರದ ನೀರು ಸೇರಿತಲ್ಲ, ಇದು ಯಾರ ತಪ್ಪು? ಸರಕಾರದ ಮೇಲೆ ಖಟ್ಲೆ ಹಾಕಬಹುದೆ?’ ಇದಕ್ಕೆ ಸರಿಯಾದ ಉತ್ತರ ನಿಮಗೆ ತಿಳಿದಿರಬೇಕು. ಆದ್ದರಿಂದ ಈ ಹೊತ್ತು ಕಾಯದೆಯ ಮಾತನ್ನು ಬಿಡಿಸಿ ಹೇಳುತ್ತೇನೆ.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮುಂದೆ ಅದು ನಮ್ಮ ಸೀಮೆಗೂ ಬಂತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಬ್ರಿಟಿಷ್ ಸರಕಾರವು 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯದೆಯನ್ನು ಮಾಡಿತು. ಅದರಲ್ಲಿದ್ದುದು ನಾಲ್ಕೇ ಕಲಮು. ಈ ಕಾಯದೆಯ ಪ್ರಕಾರ ಒಳ್ಳೆಯ ನಿಯತ್ತಿನಿಂದ ಮಾಡಿದ ಕೆಲಸಕ್ಕಾಗಿ ಯಾರ ಮೇಲೂ ದಾವೆ ನಡೆಯದೆಂದು ನಾಲ್ಕನೆಯ ಕಲಮು ಹೇಳಿತು.

ಆಗ ಗದಗು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಒಂದೊಂದು ಕಡೆ ಒಂದೊಂದು ದೊರೆತನ. ಆದರೆ ಪ್ಲೇಗಿನ ಇಲಿಗೆ ಯಾವ ಗಡಿಯೂ ಗೊತ್ತಿರಲಿಲ್ಲ.

ಇಂಥ ರಕ್ಷಣೆ ಏಕೆ ಬೇಕು? ಒಂದು ಉದಾಹರಣೆ ನೋಡಿ. ಕಾಲರಾ ಬಂದಿದೆಯೆಂದು ಅಧಿಕಾರಿಯು ಮುಂಡರಗಿಯ ಸಂತೆಯನ್ನು ನಿಲ್ಲಿಸುತ್ತಾನೆ. ನಿಮ್ಮ ಉಳ್ಳಾಗಡ್ಡಿ ಮಾರಾಟವಾಗದೆ ಕೊಳೆಯುತ್ತದೆ. ನಷ್ಟವಾದವರೆಲ್ಲ ಅವನ ಮೇಲೆ ದಾವೆ ಹೂಡಿದರೆ, ಮುಂದಿನ ಸಲ ಸಂತೆ ನಿಲ್ಲಿಸಲು ಯಾವ ಅಧಿಕಾರಿ ಧೈರ್ಯ ಮಾಡಿಯಾನು? ಅವನು ಕೈಕಟ್ಟಿ ಕುಳಿತರೆ ಸಾಯುವವರು ನಾವೇ. ಆದರೆ ಈ ಗುರಾಣಿಯ ಮರೆಯಲ್ಲಿ ಅತಿರೇಕವೂ ನಡೆಯಬಹುದು. 1897ರಲ್ಲಿ ಪುಣೆಯಲ್ಲಿ ಸಿಪಾಯಿಗಳು ಮನೆಮನೆ ನುಗ್ಗಿ ತಪಾಸಣೆ ಮಾಡಿದ್ದಕ್ಕೆ ಜನ ರೊಚ್ಚಿಗೆದ್ದರು; ಪ್ಲೇಗು ಅಧಿಕಾರಿ ರ‍್ಯಾಂಡ್ ಕೊಲೆಯಾದ.

2020ರಲ್ಲಿ, ಕೊರೋನಾ ಕಾಲದಲ್ಲಿ, ಕರ್ನಾಟಕವು ತನ್ನದೇ ಸಾಂಕ್ರಾಮಿಕ ರೋಗಗಳ ಕಾಯದೆ ಮಾಡಿಕೊಂಡಿತು. ಅದರಲ್ಲೂ ಈ ಗುರಾಣಿ ಇದೆ. 2005ರ ವಿಪತ್ತು ನಿರ್ವಹಣಾ ಕಾಯದೆಯಲ್ಲಿಯೂ ಇದೆ. ಗುರಾಣಿ ಸಣ್ಣದಲ್ಲ. 1897ರ ಸಾಮಾನ್ಯ ಖಂಡಗಳ ಕಾಯದೆಯ ವ್ಯಾಖ್ಯೆಯಂತೆ, ಪ್ರಾಮಾಣಿಕವಾಗಿ ಮಾಡಿದ ಕೆಲಸದಲ್ಲಿ ಅಜಾಗರೂಕತೆ ಇದ್ದರೂ ಅದು ಒಳ್ಳೆಯ ನಿಯತ್ತಿನ ಕೆಲಸವೇ. ದಾವೆ ಹೂಡಿದೊಡನೆ ಹಣ ಬರುತ್ತದೆಂದು ಯಾರಾದರೂ ಆಸೆ ತೋರಿಸಿದರೆ ನಂಬಬೇಡಿರಿ.

ಹಾಗಾದರೆ ಸರಕಾರ ಏನು ಮಾಡಿದರೂ ನಡೆಯುತ್ತದೆಯೆ? ಇಲ್ಲ. ಗುರಾಣಿ ಇರುವುದು ಆ ಕಾಯದೆಯ ಪ್ರಕಾರ ಮಾಡಿದ ಕೆಲಸಕ್ಕೆ. ಗಟಾರ ಬಳಿಯದಿರುವುದು, ಒಡೆದ ಪೈಪು ಕೂಡಿಸದಿರುವುದು ಆ ಕೆಲಸವಲ್ಲ. ಅಲ್ಲದೆ ಸಂವಿಧಾನದ 226ನೆಯ ವಿಧಿಯಂತೆ ಹೈಕೋರ್ಟಿಗೆ ಇರುವ ಅಧಿಕಾರವನ್ನು ಇಂಥ ಯಾವ ಕಲಮೂ ಕಸಿದುಕೊಳ್ಳಲಾರದು. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ರೋಗಿಗಳು ಸತ್ತಾಗ, ಕರ್ನಾಟಕ ಹೈಕೋರ್ಟು ನಿವೃತ್ತ ನ್ಯಾಯಮೂರ್ತಿ ಎ. ಎನ್. ವೇಣುಗೋಪಾಲಗೌಡರ ಸಮಿತಿಯಿಂದ ವಿಚಾರಣೆ ಮಾಡಿಸಿತು. ನಮಗೆ ಹೈಕೋರ್ಟಿನ ಪೀಠ ಧಾರವಾಡದಲ್ಲಿಯೇ ಇದೆ.

ಆದರೂ ಸತ್ತ ಮೇಲಿನ ದಾವೆ ಬಲು ನಿಧಾನ. ಔರಂಗಾಬಾದಿನ ಸರಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಒಬ್ಬ ತಾಯಿಗೆ ಶಸ್ತ್ರಕ್ರಿಯೆಯಾಯಿತು. ಹೊಟ್ಟೆಯಲ್ಲಿ ಬಟ್ಟೆ ಉಳಿದು ಆಕೆ ಸತ್ತಳು. ಸರಕಾರವೇ ಹೊಣೆಯೆಂದು ಸುಪ್ರೀಮ್ ಕೋರ್ಟು ಹೇಳಿದ್ದು 1996ರಲ್ಲಿ. ನ್ಯಾಯ ಸಿಕ್ಕಿತು ನಿಜ, ಆದರೆ 33 ವರ್ಷದ ಮೇಲೆ!

ಈಗ ಇನ್ನೊಂದು ದಾರಿ ನೋಡಿ. ಮಧ್ಯಪ್ರದೇಶದ ರತ್ಲಾಮ ಊರಿನಲ್ಲಿ ಗಟಾರ ಹರಿದು ಸೊಳ್ಳೆ ತುಂಬಿದ್ದವು. ಓಣಿಯ ಜನ ರೋಗ ಬರಲೆಂದು ಕಾಯಲಿಲ್ಲ, ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟರು. ಹಣವಿಲ್ಲವೆಂದು ನಗರಸಭೆ ನೆಪ ಹೇಳಿತು. ಆ ನೆಪ ನಡೆಯದೆಂದು 1980ರಲ್ಲಿ ಸುಪ್ರೀಮ್ ಕೋರ್ಟು ತೀರ್ಪಿತ್ತಿತು. ಅವರು ಕೇಳಿದ್ದು ಪರಿಹಾರದ ಹಣವನ್ನಲ್ಲ, ಗಟಾರವನ್ನು. ಆ ಜನ ಬಳಸಿದ ಕಲಮು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮು.

ಆದ್ದರಿಂದ ಹೀಗೆ ಮಾಡಿರಿ. ನೀರಿನಲ್ಲಿ ಹೊಲಸು ಕಂಡ ದಿನವೇ ಗ್ರಾಮ ಪಂಚಾಯತಿಗೆ ಅರ್ಜಿ ಬರೆಯಿರಿ, ಬಾಯಿಮಾತು ಸಾಲದು. ತಾರೀಖು ಹಾಕಿ, ನಾಲ್ಕು ಮನೆಯವರು ಸಹಿ ಮಾಡಿ, ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯ ಠರಾವಿನಲ್ಲಿ ಬರೆಸಿರಿ. ಕೆಲಸವಾಗದಿದ್ದರೆ 152ನೆಯ ಕಲಮಿನಂತೆ ಗದಗಿನ ಉಪವಿಭಾಗಾಧಿಕಾರಿಗಳ ಕಡೆಗೆ ಹೋಗಿರಿ. ಮುಂದೆ ದಾವೆಯೇ ಬೇಕಾದರೂ ಆ ಕಾಗದವೇ ನಿಮ್ಮ ಸಾಕ್ಷಿ: ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ಮಾಡಲಿಲ್ಲ. ಸರಕಾರದ ಮೇಲೆ ದಾವೆಗೆ ಮುನ್ನ ಸಾಮಾನ್ಯವಾಗಿ ಎರಡು ತಿಂಗಳ ನೋಟೀಸು ಕೊಡಬೇಕು. ವಕೀಲರಿಗೆ ಹಣವಿಲ್ಲದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿರಿ. ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ನೋಡದೆ ಉಚಿತ ನೆರವುಂಟು.

ಕೆಲವೊಮ್ಮೆ ತಪ್ಪು ಯಾರದೆಂದು ತೋರಿಸದೆಯೂ ನೆರವು ಬರುತ್ತದೆ. 2021ರ ಜೂನ್‌ನಲ್ಲಿ ಸುಪ್ರೀಮ್ ಕೋರ್ಟು ಅಪ್ಪಣೆ ಕೊಟ್ಟ ಮೇಲೆ, ಕೊರೋನಾದಿಂದ ಸತ್ತವರ ಕುಟುಂಬಕ್ಕೆ 50,000 ರೂಪಾಯಿ ಗೊತ್ತುಪಡಿಸಿದರು. ಸಾವಿನ ದಾಖಲೆ ಸರಿಯಾಗಿದ್ದವರಿಗೆ ಅದು ಸುಲಭವಾಯಿತು. ಜನನ ಮರಣದ ನೋಂದಣಿಯನ್ನು ಆಲಕ್ಷ್ಯ ಮಾಡಬೇಡಿರಿ.

ಕಡೆಯ ಮಾತು ನಮ್ಮ ಬಗ್ಗೆ. ಪ್ರಾಣಾಂತಿಕ ರೋಗ ಹರಡುವಂತೆ ಅಜಾಗರೂಕತೆಯಿಂದ ನಡೆದರೆ ಭಾರತೀಯ ನ್ಯಾಯ ಸಂಹಿತೆಯ 271ನೆಯ ಕಲಮಿನಂತೆ ಆರು ತಿಂಗಳವರೆಗೆ ಸಜೆಯುಂಟು. ಸರಕಾರಕ್ಕೆ ಬೆರಳು ತೋರಿಸುವ ಮುನ್ನ ನಮ್ಮ ಬಾವಿಕಟ್ಟೆಯ ಸುತ್ತ ಒಮ್ಮೆ ನೋಡೋಣ.

ಬೆಂಕಿ ಬಿದ್ದಾಗ ಬಾವಿ ತೋಡಿದರೇನು ಫಲ? ಈ ವಾರವೇ ನಿಮ್ಮ ಓಣಿಯ ನಳ, ಗಟಾರ ನೋಡಿಕೊಂಡು ಬನ್ನಿರಿ. ಕೆಟ್ಟದ್ದು ಕಂಡರೆ ಅರ್ಜಿ ಬರೆಯಿರಿ. ಬರೆಯಲು ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಲಿ.