ಕ್ಯಾಮೆರಾದ ಕೆಲವು ಪದಗಳು



ಫಿಲ್ಮ್ ಕ್ಯಾಮೆರಾವನ್ನು ಮತ್ತೆ ಕೈಗೆತ್ತಿಕೊಳ್ಳುವ ಹುಡುಗ ಹುಡುಗಿಯರು ಈಚೆಗೆ ಅಲ್ಲಲ್ಲಿ ಕಾಣಸಿಗುತ್ತಾರೆ. ಅಟ್ಟದ ಮೇಲಿದ್ದ ಅಪ್ಪನ ಕ್ಯಾಮೆರಾ ಇಳಿಸಿ, ಧೂಳು ಒರೆಸಿ, ಇದರ ಮೇಲಿನ ಅಂಕಿಗಳ ಅರ್ಥವೇನೆಂದು ನನ್ನನ್ನು ಕೇಳುತ್ತಾರೆ. ಅವರಿಗಾಗಿ ಈ ಕೆಲವು ಮಾತುಗಳು. ಒಂದು ಅಂಕಿಯನ್ನು ಮರೆತು ನಾನು ಕಳೆದುಕೊಂಡದ್ದನ್ನೂ ಇಲ್ಲಿ ಹೇಳುತ್ತೇನೆ.

ಮೊದಲು 'ಕ್ಯಾಮೆರಾ' ಎಂಬ ಪದವನ್ನೇ ನೋಡೋಣ. 'ಕ್ಯಾಮೆರಾ ಅಬ್ಸ್‌ಕ್ಯೂರಾ' ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕತ್ತಲೆಯ ಕೋಣೆ. ಅಂಥ ಕೋಣೆಯೊಂದು ನಮ್ಮ ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿಯೇ ಇದೆ. ಅಲ್ಲಿಯ ಗೋಡೆಯ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಬೆಳಕು ಸರಳರೇಖೆಯಲ್ಲಿ ಚಲಿಸುವುದರಿಂದ, ಗೋಪುರದ ತುದಿಯಿಂದ ಹೊರಟ ಕಿರಣ ಕಿಂಡಿಯನ್ನು ಹಾದು ಗೋಡೆಯ ಕೆಳಗೂ, ಬುಡದಿಂದ ಹೊರಟದ್ದು ಮೇಲೂ ಬೀಳುತ್ತದೆ. ನಮ್ಮ ಕೈಯಲ್ಲಿರುವುದೂ ಅದೇ ಕೋಣೆ. ಕಿಂಡಿಯ ಜಾಗದಲ್ಲಿ ಲೆನ್ಸ್, ಗೋಡೆಯ ಜಾಗದಲ್ಲಿ ಫಿಲ್ಮ್, ಅಷ್ಟೇ ವ್ಯತ್ಯಾಸ.

ಇನ್ನು ಮೂರು ಮುಖ್ಯ ಪದಗಳು. ನಲ್ಲಿಯ ಕೆಳಗೆ ಕೊಡ ಇಟ್ಟಿದ್ದೀರಿ ಎಂದುಕೊಳ್ಳಿ. ನಲ್ಲಿಯನ್ನು ಎಷ್ಟು ತಿರುಗಿಸಿದ್ದೀರಿ ಎಂಬುದು ಅಪರ್ಚರ್. ಎಷ್ಟು ಹೊತ್ತು ಬಿಟ್ಟಿದ್ದೀರಿ ಎಂಬುದು ಷಟರ್ ವೇಗ. ಕೊಡ ಎಷ್ಟು ದೊಡ್ಡದು ಎಂಬುದು ಫಿಲ್ಮಿನ ಐಎಸ್‌ಒ. ಹಿಂದೆ ಇದನ್ನು ಎಎಸ್‌ಎ ಎನ್ನುತ್ತಿದ್ದರು. ಕೊಡ ಸರಿಯಾಗಿ ತುಂಬುವುದೇ ಎಕ್ಸ್‌ಪೋಷರ್.

ಅಪರ್ಚರ್‌ನ ಅಂಕಿಗಳು 2, 2.8, 4, 5.6, 8, 11, 16 ಎಂದು ಸಾಗುತ್ತವೆ. ಅಂಕಿ ದೊಡ್ಡದಾದಂತೆ ಕಿಂಡಿ ಚಿಕ್ಕದಾಗುತ್ತದೆ. ಇದು ಹೊಸಬರನ್ನು ಗೊಂದಲಕ್ಕೀಡುಮಾಡುವ ವಿಷಯ. ಲೆನ್ಸಿನ ಸಂಗಮ ದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಈ ಅಂಕಿ ಬರುತ್ತದೆ. 50 ಮಿ.ಮೀ. ಲೆನ್ಸಿನಲ್ಲಿ 2 ಎಂದರೆ 25 ಮಿ.ಮೀ. ಕಿಂಡಿ, 16 ಎಂದರೆ ಸುಮಾರು 3 ಮಿ.ಮೀ. ಮಾತ್ರ. ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧವಾಗುತ್ತದೆ. ಕಿಂಡಿ ಚಿಕ್ಕದಾದಷ್ಟೂ ಹಿಂದಿನವರು ಮುಂದಿನವರು ಎಲ್ಲರೂ ಸ್ಪಷ್ಟವಾಗಿ ಮೂಡುತ್ತಾರೆ.

ಐಎಸ್‌ಒ 400ರ ಫಿಲ್ಮ್ 100ರದಕ್ಕಿಂತ ಚಿಕ್ಕ ಕೊಡ. ನಾಲ್ಕನೆಯ ಒಂದು ಪಾಲು ಬೆಳಕಿಗೇ ತುಂಬುತ್ತದೆ. ಆದರೆ ಚಿತ್ರದಲ್ಲಿ ಕಾಳುಕಾಳು ಹೆಚ್ಚು ಕಾಣುತ್ತದೆ.

ಸ್ವಚ್ಛ ಬಿಸಿಲಿಗೆ ಒಂದು ಸುಲಭ ಸೂತ್ರವಿದೆ. ಅಪರ್ಚರ್ 16 ಇಟ್ಟು, ಷಟರನ್ನು ಐಎಸ್‌ಒ ಅಂಕಿಗೆ ಹತ್ತಿರವಾಗಿಡಬೇಕು. 100ರ ಫಿಲ್ಮಿಗೆ ಸೆಕೆಂಡಿನ 125ನೆಯ ಒಂದು ಭಾಗ. ನಾನು ಬಿ.ಎಸ್ಸಿ. ಓದುತ್ತಿದ್ದಾಗ, ಸುರಪುರದ ಪಕ್ಕದ ನಮ್ಮ ರಂಗಂಪೇಟೆಯಲ್ಲಿ ಚಿಕ್ಕಪ್ಪನ ಮಗನ ಲಗ್ನವಾಯಿತು. ಗೆಳೆಯನಿಂದ ಎರವಲು ತಂದ ಕ್ಯಾಮೆರಾ ಹಿಡಿದು ಇದೇ ಸೂತ್ರದಂತೆ ಮೆರವಣಿಗೆಯ ಚಿತ್ರ ತೆಗೆದೆ. ವೈಶಾಖದ ಬಿಸಿಲು; ಒಂದೂ ಕೆಡಲಿಲ್ಲ.

ಸಂಜೆ ಪಡಸಾಲೆಯಲ್ಲಿ ಮನೆಮಂದಿಯೆಲ್ಲ ಸಾಲಾಗಿ ನಿಂತರು. ಎಂದೂ ಫೋಟೋಕ್ಕೆ ನಿಲ್ಲದ ನಮ್ಮ ಆಯಿ ಕೂಡ ಅಂದು ಮದುಮಗನ ಹೆಗಲ ಮೇಲೆ ಕೈಯಿಟ್ಟು ನಿಂತಳು. ನಾನು ಫ್ಲ್ಯಾಶ್ ಜೋಡಿಸಿದೆ, ಅಪರ್ಚರ್ ತೆರೆದೆ. ಷಟರ್ ಮಾತ್ರ 125ರಲ್ಲಿಯೇ ಉಳಿಯಿತು.

ಇಂಥ ಕ್ಯಾಮೆರಾಗಳಲ್ಲಿ ಫಿಲ್ಮಿನ ಮುಂದೆ ಬಟ್ಟೆಯ ಎರಡು ಪರದೆಗಳಿರುತ್ತವೆ. ಮೊದಲನೆಯದು ಸರಿದು ಫಿಲ್ಮನ್ನು ತೆರೆಯುತ್ತದೆ, ಎರಡನೆಯದು ಹಿಂಬಾಲಿಸಿ ಮುಚ್ಚುತ್ತದೆ. ಆ ಕ್ಯಾಮೆರಾದಲ್ಲಿ 60ರವರೆಗೆ ಮಾತ್ರ ಇಡೀ ಚೌಕಟ್ಟು ಒಂದು ಕ್ಷಣ ಪೂರ್ತಿ ತೆರೆದಿರುತ್ತಿತ್ತು. 125ರಲ್ಲಿ ಮೊದಲ ಪರದೆ ಆಚೆ ಮುಟ್ಟುವ ಮೊದಲೇ ಎರಡನೆಯದು ಅರ್ಧ ದಾರಿ ಬಂದಿರುತ್ತದೆ. ಫ್ಲ್ಯಾಶ್ ಮಿಂಚುವುದೋ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಡಿಮೆ ಹೊತ್ತು. ಆಗ ತೆರೆದಿದ್ದ ಅರ್ಧಕ್ಕೆ ಮಾತ್ರ ಬೆಳಕು ಬೀಳುತ್ತದೆ. ಫ್ಲ್ಯಾಶಿಗೆ ಹೊಂದುವ ಈ ಗರಿಷ್ಠ ವೇಗಕ್ಕೆ 'ಸಿಂಕ್ ವೇಗ' ಎನ್ನುತ್ತಾರೆ. ಹಲವು ಕ್ಯಾಮೆರಾಗಳಲ್ಲಿ ಅದನ್ನು ಕೆಂಪು ಬಣ್ಣದಲ್ಲೋ 'ಎಕ್ಸ್' ಗುರುತಿನಿಂದಲೋ ತೋರಿಸಿರುತ್ತಾರೆ.

ಪ್ರಿಂಟು ಬಂದಾಗ ಚಿತ್ರದ ಅರ್ಧ ಕಪ್ಪಾಗಿತ್ತು. ಆಯಿ ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಇದರಾಗ ನಾ ಎಲ್ಲಿದೀನಿ ತಮ್ಮಾ?" ಎಂದಳು. ನನಗೆ ಉತ್ತರ ಬರಲಿಲ್ಲ. "ಇರಲಿ ಬಿಡಪಾ, ಮುಂದಿನ ಲಗ್ನದಾಗ ತಗೀವಂತಿ" ಎಂದು ಆಕೆಯೇ ನನ್ನನ್ನು ಸಮಾಧಾನಪಡಿಸಿದಳು. ಮುಂದಿನ ಲಗ್ನಕ್ಕೆ ಆಯಿ ಇರಲಿಲ್ಲ.

ಚಲನಚಿತ್ರದ ಕ್ಯಾಮೆರಾಕ್ಕೂ ಇವೇ ಪದಗಳು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳಾದರೆ, ನಮ್ಮ ದೂರದರ್ಶನದಲ್ಲಿ 25. ಷಟರನ್ನು ಸಾಮಾನ್ಯವಾಗಿ 50ರಲ್ಲಿ ಇಡುತ್ತೇವೆ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟಿನ ಮಿಣುಕು ಚಿತ್ರದಲ್ಲಿ ಕಾಣುವುದಿಲ್ಲ.

ಮೈಸೂರಿನ ವಿ.ಕೆ. ಮೂರ್ತಿಯವರು ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಈ ವಿದ್ಯೆಯನ್ನು ಕಲಿತವರು. 1959ರ 'ಕಾಗಜ್ ಕೇ ಫೂಲ್' ಚಿತ್ರಕ್ಕಾಗಿ ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ, ಸ್ಟುಡಿಯೋದೊಳಗೆ ಕಂಬದಂಥ ಬೆಳಕನ್ನು ತಂದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಅಂಥವರೂ ಅಳೆದದ್ದು ಇದೇ ಮೂರನ್ನು: ಎಷ್ಟು ಬೆಳಕು, ಎಷ್ಟು ಹೊತ್ತು, ಯಾವ ಫಿಲ್ಮು.

ಇಂದು ಮೊಬೈಲ್ ಫೋನು ಈ ಲೆಕ್ಕವನ್ನೆಲ್ಲ ತಾನೇ ಮಾಡುತ್ತದೆ, ಚಿತ್ರವನ್ನು ಕೂಡಲೇ ತೋರಿಸುತ್ತದೆ. ಫಿಲ್ಮ್ ಹಾಗಲ್ಲ, ತಪ್ಪು ತಿಳಿಯುವ ಹೊತ್ತಿಗೆ ನಿಂತವರು ಮನೆಗೆ ಹೋಗಿರುತ್ತಾರೆ. ಆದ್ದರಿಂದ ಗುಂಡಿ ಒತ್ತುವ ಮೊದಲು ಮೂರು ಅಂಕಿಗಳನ್ನೂ ಒಮ್ಮೆ ನೋಡಿಕೊಳ್ಳಿ. ಫ್ಲ್ಯಾಶ್ ಹಾಕಿದ್ದರೆ ಆ ಕೆಂಪು ಅಂಕಿಯನ್ನು ಎರಡು ಸಲ ನೋಡಿ.

ಆ ಅರ್ಧ ಚಿತ್ರ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಮದುಮಗನ ಹೆಗಲ ಮೇಲೆ ಹಸಿರು ಬಳೆಯ ಒಂದು ಕೈ ಕಾಣುತ್ತದೆ. ನಮ್ಮ ಆಯಿಯದೆಂದು ಇರುವ ಫೋಟೋ ಅದೊಂದೇ.