ವರದಿಯ ಇಂಗ್ಲಿಷು, ಓಣಿಯ ಕನ್ನಡ

(ಪುರ್ತಗೇರಿಯ ಗ್ರಾಮ ಶಿಬಿರದಲ್ಲಿ ಸಮಾಜಕಾರ್ಯ ವಿದ್ಯಾರ್ಥಿಗಳಿಗೆ ನಮ್ಮ ಕಾರ್ಯಕರ್ತರ ಪರವಾಗಿ ಆಡಿದ ಮಾತುಗಳು)



ಇವತ್ತಿನ ವೇಳಾಪಟ್ಟಿಯಲ್ಲಿ ನಮ್ಮ ಪಾಲಿಗೆ ‘ಸ್ವಸಹಾಯ ಗುಂಪುಗಳು’ ಅಂತ ಬರೆದಿದೆ. ಅದನ್ನು ನಾಳೆ ಮಾತಾಡೋಣ. ನಿನ್ನೆ ರಾತ್ರಿ ಊಟ ಆದ ಮೇಲೆ ನಿಮ್ಮಲ್ಲೇ ಒಬ್ಬರು ಹೇಳಿದ ಮಾತು ನಮ್ಮ ಕಿವಿಯಲ್ಲೇ ಉಳಿದುಬಿಟ್ಟಿದೆ. “ಸರ್, ಮನಿ ಮನಿ ತಿರುಗಾಕ ಅಂಜಿಕಿ ಇಲ್ರಿ. ಮಂದಿ ಜೋಡಿ ಮಾತಾಡಾಕೂ ಅಂಜಿಕಿ ಇಲ್ರಿ. ರಿಪೋರ್ಟ್ ಬರೀ ಅಂದ್ರ ಮಾತ್ರ ಕೈ ನಡಗ್ತಾವ. ಇಂಗ್ಲಿಷ್ ಬರಲಾರ್ದೋರಿಗೆ ಈ ಕೆಲಸ ಅಲ್ಲೇನೋ ಅನಸ್ತೈತಿ.” ಆ ಮಾತು ಕೇಳಿ ನಾಲ್ಕು ಜನ ನಕ್ಕರು. ನಕ್ಕವರ ಕೈಯೂ ನಡುಗುತ್ತದೆ ಅಂತ ನಮಗೆ ಗೊತ್ತು. ಯಾಕಂದರೆ ನಮ್ಮ ಕೈಯೂ ನಡುಗಿತ್ತು.

ನಾವು ಹೆಚ್ಚಿನವರು ಬಿ.ಎ. ಮುಗಿಯುವ ತನಕ ಕನ್ನಡದಲ್ಲೇ ಓದಿ ಬಂದವರು. ಎಂ.ಎಸ್.ಡಬ್ಲ್ಯೂ. ಸೇರಿದ ದಿನ ಪುಸ್ತಕ ತೆಗೆದರೆ ಎಲ್ಲ ಇಂಗ್ಲಿಷು. ಅದಕ್ಕೆ ಕಾರಣವೂ ಇದೆ. ಈ ವಿದ್ಯೆ ನಮ್ಮ ದೇಶಕ್ಕೆ ಬಂದದ್ದೇ ಇಂಗ್ಲಿಷಿನಲ್ಲಿ. 1936ರಲ್ಲಿ ಮುಂಬೈಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನಲ್ಲಿ ಮೊದಲ ಸಮಾಜಕಾರ್ಯ ಶಾಲೆ ತೆರೆಯಿತು. ಅದರ ಮೊದಲ ನಿರ್ದೇಶಕರು ಕ್ಲಿಫರ್ಡ್ ಮ್ಯಾನ್‌ಶಾರ್ಟ್, ಅಮೆರಿಕದಿಂದ ಬಂದು ಮುಂಬೈನ ನಾಗಪಾಡದಲ್ಲಿ ಕೆಲಸ ಮಾಡುತ್ತಿದ್ದ ಮಿಷನರಿ. ನಮ್ಮ ರಾಜ್ಯದಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಶುರುವಾಯಿತು. ಆಮೇಲೆ ವಿಶ್ವವಿದ್ಯಾಲಯಗಳು, ಈಗ ಊರೂರಿಗೆ ಕಾಲೇಜುಗಳು. ವ್ಯಕ್ತಿಗತ ಸಮಾಜಕಾರ್ಯ, ವೃಂದಗತ ಸಮಾಜಕಾರ್ಯ, ಸಮುದಾಯ ಸಂಘಟನೆ ಅಂತ ಕನ್ನಡದ ಹೆಸರುಗಳೂ ಬಂದಿವೆ. ಪರೀಕ್ಷೆಗೆ ಅವು ಸಾಕಾಗುತ್ತವೆ. ಆದರೆ ಫೈಲು ಬೆಂಗಳೂರಿಗೋ ದಿಲ್ಲಿಗೋ ಹೋಗಬೇಕಾದರೆ, ಹಣ ಕೊಡುವ ಸಂಸ್ಥೆಗೆ ವರದಿ ಕಳಿಸಬೇಕಾದರೆ, ಸಂದರ್ಶನದಲ್ಲಿ ಕುರ್ಚಿ ಎಳೆದುಕೊಂಡು ಕೂರಬೇಕಾದರೆ ಇಂಗ್ಲಿಷು ಬೇಕೇ ಬೇಕು. ಇದು ಸರಿಯೋ ತಪ್ಪೋ ಅನ್ನುವ ವಾದಕ್ಕೆ ಇವತ್ತು ಇಳಿಯುವುದಿಲ್ಲ.

ಯಾವ ಇಂಗ್ಲಿಷು ಬೇಕು ಅನ್ನುವುದನ್ನು ಮಾತ್ರ ಒಂದು ಕತೆಯಿಂದ ಹೇಳ್ತೇವೆ. ಕತೆ ಅಂದೆವು, ಆದರೆ ನಡೆದದ್ದು. ತಪ್ಪು ನಮ್ಮದು.

ಕೆಲವು ವರ್ಷಗಳ ಹಿಂದೆ ಇದೇ ರೋಣದ ಸೀಮೆಯ ಒಂದು ಊರಿನಲ್ಲಿ ನಮ್ಮ ಜೊತೆ ಕ್ಷೇತ್ರಕಾರ್ಯಕ್ಕೆ ಬಂದಿದ್ದ ಒಬ್ಬ ವಿದ್ಯಾರ್ಥಿನಿ ಒಂದು ಮನೆಗೆ ಭೇಟಿ ಕೊಟ್ಟಳು. ಏಳನೇ ಇಯತ್ತೆ ಮುಗಿಸಿದ ಹುಡುಗಿ, ಮುಂದಿನ ಶಾಲೆ ದೂರ. ವಸತಿನಿಲಯದಲ್ಲಿ ಒಂದು ಸೀಟು ಖಾಲಿ ಇತ್ತು. ತಂದೆ ಗೋವಾಕ್ಕೆ ದುಡಿಯಲು ಹೋಗಿದ್ದ. ಮಳೆ ಕೈಕೊಟ್ಟ ವರ್ಷ ಈ ಕಡೆಯಿಂದ ಗೋವಾ, ಮಂಗಳೂರಿಗೆ ಗಂಟುಮೂಟೆ ಕಟ್ಟುವುದು ನಿಮಗೇನೂ ಹೊಸದಲ್ಲ. ತಾಯಿ ಹೇಳಿದ್ದು ಇಷ್ಟು: “ಈಗ ಕಳ್ಸಾಕ ಆಗಂಗಿಲ್ಲವ್ವ. ಅವರಪ್ಪ ಗೋವಾದಿಂದ ಬರೂಮಟ ತಡೀರಿ.” ವಿದ್ಯಾರ್ಥಿನಿ ವರದಿಯಲ್ಲಿ ಬರೆದದ್ದು ಒಂದೇ ಸಾಲು: ‘ಮದರ್ ಈಸ್ ನಾಟ್ ವಿಲ್ಲಿಂಗ್ ಟು ಸೆಂಡ್ ದ ಗರ್ಲ್.’

ವ್ಯಾಕರಣ ನೋಡಿ, ಒಂದು ತಪ್ಪೂ ಇಲ್ಲ. ನಾವು ಓದಿದೆವು, ಇಂಗ್ಲಿಷು ಚೆನ್ನಾಗಿದೆ ಅಂತ ಬೆನ್ನು ತಟ್ಟಿ ಸಹಿ ಹಾಕಿದೆವು. ತಾಯಿಗೆ ಮನಸ್ಸಿಲ್ಲ ಅಂದ ಮೇಲೆ ಕಾಯುವುದು ಯಾಕೆ ಅಂತ ಸೀಟು ಬೇರೆ ಮಗುವಿಗೆ ಹೋಯಿತು. ಹದಿನೈದು ದಿನ ಬಿಟ್ಟು ಗಂಡ ಬಂದ. ಆ ತಾಯಿ ಮಗಳ ಬಟ್ಟೆ ಚೀಲದಲ್ಲಿ ತುಂಬಿಕೊಂಡೇ ನಮ್ಮ ಕಚೇರಿಗೆ ಬಂದಳು. “ನಾ ಒಲ್ಲೆ ಅಂದಿದ್ದಿಲ್ಲಲ್ರಿ” ಅಂದಳು. ನಾವು ಫೈಲು ತೆಗೆದು ನೋಡಿದೆವು. ಅವಳು ‘ಒಲ್ಲೆ’ ಅಂದಿರಲೇ ಇಲ್ಲ, ‘ಆಗಂಗಿಲ್ಲ’ ಅಂದಿದ್ದಳು. ಹುಡುಗಿಗೆ ಮರುವರ್ಷ ಸೀಟು ಸಿಕ್ಕಿತು. ನಡುವಿನ ಒಂದು ವರ್ಷ ಅವಳು ಹೊಲಕ್ಕೆ ಕಳೆ ತೆಗೆಯಲು ಹೋದಳು.

‘ಒಲ್ಲೆ’ ಮತ್ತು ‘ಆಗಂಗಿಲ್ಲ’ ಇವೆರಡರ ನಡುವಿನ ಅಂತರ ಈ ಊರಿನ ಮೂರು ವರ್ಷದ ಕೂಸಿಗೂ ಗೊತ್ತು. ಆ ವಿದ್ಯಾರ್ಥಿನಿಗೂ ಗೊತ್ತಿತ್ತು. ಇಂಗ್ಲಿಷಿಗೆ ದಾಟುವಾಗ ಕೈಗೆ ಸಿಕ್ಕ ಮಾತನ್ನು ಹಿಡಿದಳು, ಅಷ್ಟೇ. ‘ದ ಮದರ್ ಸೇಡ್ ಷಿ ಕುಡ್ ನಾಟ್ ಸೆಂಡ್ ದ ಗರ್ಲ್ ಅಂಟಿಲ್ ಹರ್ ಹಸ್ಬಂಡ್ ಕೇಮ್ ಬ್ಯಾಕ್ ಫ್ರಮ್ ಗೋವಾ’ ಅಂತ ಬರೆದಿದ್ದರೆ ಸಾಕಿತ್ತು. ಇದರಲ್ಲಿ ಹೈಸ್ಕೂಲಿನಲ್ಲಿ ಓದದ ಮಾತು ಒಂದಾದರೂ ಇದೆಯೇ ಹೇಳಿ. ನಿಮ್ಮ ಕೆಲಸದ ಇಂಗ್ಲಿಷು ಅಂದರೆ ದೊಡ್ಡ ದೊಡ್ಡ ಮಾತುಗಳಲ್ಲ. ಓಣಿಯಲ್ಲಿ ಕೇಳಿದ್ದು ಫೈಲಿಗೆ ಹೋಗುವಾಗ ದಾರಿಯಲ್ಲಿ ಚೆಲ್ಲಬಾರದು. ಎಲ್ಲಿ ಚೆಲ್ಲುತ್ತದೆ ಅಂತ ನಾವು ಕಂಡ ಜಾಗಗಳನ್ನು ತೋರಿಸುತ್ತೇವೆ.

ಮೊದಲನೆಯದು ‘ಅಂತ’. “ಅವ ಕುಡೀತಾನಂತ್ರಿ” ಅಂತ ನೆರೆಮನೆಯಾಕೆ ಹೇಳುತ್ತಾಳೆ. ಆ ಕೊನೆಯ ‘ಅಂತ’ ಇದೆಯಲ್ಲ, ಅದು ‘ನಾ ಕಣ್ಣಾರೆ ಕಂಡಿಲ್ಲ, ಕೇಳಿದ್ದು’ ಅಂತ ಹೇಳುವ ಮಾತು. ಒಂದೇ ಒಂದು ಚೂರು ಮಾತಿನಲ್ಲಿ ಕನ್ನಡ ಇಷ್ಟು ಹೇಳಿಬಿಡುತ್ತದೆ. ಇಂಗ್ಲಿಷಿಗೆ ಆ ಸೌಕರ್ಯ ಇಲ್ಲ. ಅಲ್ಲಿ ‘ಎ ನೇಬರ್ ಸೇಡ್ ದಟ್ ಷಿ ಹ್ಯಾಡ್ ಹರ್ಡ್’ ಅಂತ ಉದ್ದಕ್ಕೆ ಬರೆಯಬೇಕು. ನಾವು ಬೇಸರಪಟ್ಟು ‘ಹಿ ಈಸ್ ಆ್ಯನ್ ಆಲ್ಕೊಹಾಲಿಕ್’ ಅಂತ ಮುಗಿಸುತ್ತೇವೆ. ಗಾಳಿಮಾತು ಸರಕಾರಿ ಕಾಗದ ಆಯಿತು. ಮುಂದೆ ಆ ಮನುಷ್ಯನಿಗೆ ಸಾಲ ಕೊಡುವವರು, ಅವನ ಮಗುವನ್ನು ಅವನ ಕೈಗೆ ಒಪ್ಪಿಸಬೇಕೋ ಬೇಡವೋ ಅಂತ ನೋಡುವವರು ಆ ಸಾಲನ್ನೇ ಓದುತ್ತಾರೆ.

ಎರಡನೆಯದು ಇನ್ನೂ ನಾಜೂಕು. ನಮ್ಮ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ. ‘ಅವರು’ ಅನ್ನುತ್ತಾರೆ, ‘ಮನಿಯವರು’ ಅನ್ನುತ್ತಾರೆ. “ಅವರು ಹೊಡದ್ರು” ಅಂದದ್ದನ್ನು ಒಬ್ಬ ವಿದ್ಯಾರ್ಥಿ ‘ದೇ ಬೀಟ್ ಹರ್’ ಅಂತ ಬರೆದ. ಹೊಡೆದವನು ಒಬ್ಬ, ಕಾಗದದಲ್ಲಿ ಮನೆಮಂದಿಯೆಲ್ಲ ಹೊಡೆದ ಹಾಗಾಯಿತು. ಕೌಟುಂಬಿಕ ಹಿಂಸೆಯ ವಿರುದ್ಧ 2005ರ ಕಾಯ್ದೆ ಇದೆ. ಅದರ ಪ್ರಕಾರ ‘ಡೊಮೆಸ್ಟಿಕ್ ಇನ್ಸಿಡೆಂಟ್ ರಿಪೋರ್ಟ್’ ಅನ್ನುವ ನಮೂನೆ ತುಂಬಿ ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಅಲ್ಲಿ ‘ಹಿ’ ಮತ್ತು ‘ದೇ’ ಒಂದೇ ಅಲ್ಲ. ಅತ್ತೆ ಆ ಹೊತ್ತಿಗೆ ಹೊಲದಲ್ಲಿದ್ದಳು ಅಂತ ಎದುರಿನ ವಕೀಲರು ಸಾಬೀತು ಮಾಡಿದರೆ ಆ ಹೆಣ್ಣುಮಗಳ ನಿಜವಾದ ಮಾತೂ ಸುಳ್ಳಾಗಿ ಕಾಣುತ್ತದೆ. ಮರ್ಯಾದೆಗೆ ಹೇಳಿದ ಬಹುವಚನ ಅವಳಿಗೇ ಮುಳುವಾಗಬಾರದಲ್ಲ. ನಂಟಸ್ತನದ ಮಾತೂ ಹಾಗೇ. ‘ಅತ್ತಿ’ ಅಂದರೆ ಗಂಡನ ತಾಯಿಯೋ, ತಂದೆಯ ತಂಗಿಯೋ? ಒಳಗೊಳಗೇ ಹೆಣ್ಣು ಕೊಟ್ಟು ತಂದ ಮನೆಗಳಲ್ಲಿ ಎರಡೂ ಒಬ್ಬಳೇ ಇರಬಹುದು. ‘ಅಣ್ಣ’ ದೊಡ್ಡಪ್ಪನ ಮಗನೂ ಆಗಿರಬಹುದು. ಎಲ್ಲರನ್ನೂ ‘ಆಂಟಿ’, ‘ಬ್ರದರ್’ ಅಂತ ಬರೆದರೆ ಮಗುವಿನ ಪಾಲಕರು ಯಾರು ಅಂತ ನಾಳೆ ಯಾರಿಗೂ ತಿಳಿಯುವುದಿಲ್ಲ.

ಒಂದು ಕಡೆ ಮಾತ್ರ ಇಂಗ್ಲಿಷೇ ನಮ್ಮನ್ನು ದಾರಿಗೆ ತರುತ್ತದೆ. ಕನ್ನಡದಲ್ಲಿ “ರೇಷನ್ ಕೊಟ್ಟಿಲ್ರಿ” ಅಂದರೆ ವಾಕ್ಯ ಮುಗಿಯಿತು. ಯಾರು ಕೊಟ್ಟಿಲ್ಲ? ಇಂಗ್ಲಿಷಿನಲ್ಲಿ ಕರ್ತೃ ಬೇಕು. ಅದು ಸಿಗದಾಗ ‘ರೇಷನ್ ವಾಸ್ ನಾಟ್ ಗಿವನ್’ ಅಂತ ನುಣುಚಿಕೊಳ್ಳುತ್ತೇವೆ. ನುಣುಚಿಕೊಳ್ಳಬೇಡಿ. ಪೆನ್ನು ಅಲ್ಲೇ ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು ಮತ್ತೊಮ್ಮೆ ಆ ಮನೆಗೆ ಹೋಗಿ ಕೇಳಿ. ಅಂಗಡಿಯವನು ಕೊಡಲಿಲ್ಲವೋ, ಕಾರ್ಡಿನಲ್ಲಿ ಹೆಸರು ಬಿಟ್ಟುಹೋಗಿದೆಯೋ, ಹೆಬ್ಬೆಟ್ಟಿನ ಗುರುತು ಮಷೀನಿಗೆ ಹತ್ತಲಿಲ್ಲವೋ? ಮೂರಕ್ಕೂ ಬೇರೆ ಬೇರೆ ಅರ್ಜಿ.

ವಿಶೇಷಣಗಳ ವಿಷಯ. ‘ಡರ್ಟಿ ಹೌಸ್’, ‘ಇಗ್ನೊರೆಂಟ್ ಲೇಡಿ’ ಅಂತ ಬರೆದ ವರದಿಗಳು ನಮ್ಮ ಕಪಾಟಿನಲ್ಲಿ ಇವೆ. ‘ಒಂದು ಖೋಲಿ, ಆರು ಮಂದಿ, ನಳ ಇಲ್ಲ’ ಅಂತ ಬರೆಯಿರಿ, ಓದಿದವರು ತಾವೇ ತಿಳಿದುಕೊಳ್ಳುತ್ತಾರೆ. ನಿಮ್ಮ ಪಠ್ಯದಲ್ಲಿ ಬೀಸ್ಟೆಕ್ ಅವರ ಏಳು ತತ್ವಗಳು ಬರುತ್ತವಲ್ಲ, ಆ ಫೆಲಿಕ್ಸ್ ಬೀಸ್ಟೆಕ್ ಅಮೆರಿಕದ ಒಬ್ಬ ಯೇಸುಸಭೆಯ ಗುರುಗಳು, ಅವರ ಪುಸ್ತಕ ಬಂದದ್ದು 1957ರಲ್ಲಿ. ತೀರ್ಪು ಕೊಡದಿರುವುದು, ಗುಟ್ಟು ಕಾಪಾಡುವುದು ಅಂತ ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ವರದಿ ಬರೆಯುವಾಗಲೇ ಅವು ಮರೆತುಹೋಗುತ್ತವೆ.

ಮಾತು ಬದಲಾದರೆ ಏನಾಗುತ್ತದೆ ಅನ್ನುವವರು ಕಾನೂನು ನೋಡಬೇಕು. 1912ರ ಕಾಯ್ದೆ ‘ಲುನಾಟಿಕ್’ ಅಂತ ಕರೆಯಿತು. 1987ರಲ್ಲಿ ‘ಮೆಂಟಲಿ ಇಲ್ ಪರ್ಸನ್’ ಆಯಿತು. 2017ರಲ್ಲಿ ‘ಪರ್ಸನ್ ವಿತ್ ಮೆಂಟಲ್ ಇಲ್ನೆಸ್’ ಅಂತಾಯಿತು, ಅಂದರೆ ಮೊದಲು ಮನುಷ್ಯ, ಆಮೇಲೆ ಕಾಯಿಲೆ. 2000ದ ಕಾಯ್ದೆಯಲ್ಲಿದ್ದ ‘ಜುವೆನೈಲ್ ಇನ್ ಕಾನ್‌ಫ್ಲಿಕ್ಟ್ ವಿತ್ ಲಾ’ 2015ರಲ್ಲಿ ‘ಚೈಲ್ಡ್’ ಆಯಿತು. ಹಳೆಯ ನೋಟ್ಸು ನೋಡಿ ಬರೆಯುವವರು ಎಚ್ಚರ ಇರಲಿ.

ಇನ್ನು ‘ಸ್ಟೇಕ್‌ಹೋಲ್ಡರ್’, ‘ಸೆನ್ಸಿಟೈಸೇಶನ್’, ‘ಕೆಪ್ಯಾಸಿಟಿ ಬಿಲ್ಡಿಂಗ್’. ಇವನ್ನು ನಾವೂ ಬರೆಯುತ್ತೇವೆ, ಬರೆಯದಿದ್ದರೆ ಹಣ ಬರುವುದಿಲ್ಲ, ಸುಳ್ಳು ಯಾಕೆ ಹೇಳಬೇಕು. ಆದರೆ ಅಂಥ ಮಾತು ಬರೆದ ಕೂಡಲೇ ‘ಅಂದರೆ ಏನು ಮಾಡಿದಿರಿ?’ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಇಪ್ಪತ್ತು ಹೆಂಗಸರು ಬ್ಯಾಂಕಿನ ಚಲನ್ ತುಂಬಲು ಕಲಿತರು ಅಂತಿದ್ದರೆ ಹಾಗೇ ಬರೆಯಿರಿ.

ಇಂಗ್ಲಿಷ್ ಮಾತು ಅಂದರೆ ನಮ್ಮ ಮಂದಿಗೆ ದೂರ ಅಂತಲೂ ತಿಳಿಯಬೇಡಿ. ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿತು. ಅಲ್ಲಿಂದ ಇಲ್ಲಿಯ ತನಕ ‘ಸೊಸಾಯಿಟಿ’, ‘ಶೇರು’, ‘ಮೆಂಬರು’ ಅನ್ನುವ ಮಾತುಗಳು ಓದು ಬರದ ಅಜ್ಜಂದಿರ ಬಾಯಲ್ಲೂ ಹದವಾಗಿ ಕೂತಿವೆ. 2000ದಲ್ಲಿ ಸ್ತ್ರೀಶಕ್ತಿ ಗುಂಪುಗಳು ಬಂದ ಮೇಲೆ ‘ಪಾಸ್‌ಬುಕ್’, ‘ಮೀಟಿಂಗ್’ ಅಡಿಗೆಮನೆ ಹೊಕ್ಕವು. ಕೆಲಸ ಬಂತು, ಮಾತು ಅದರ ಬೆನ್ನಿಗೆ ಬಂತು. ನಿಮಗೂ ಹಾಗೇ ಬರುತ್ತದೆ.

ಕಲಿಯುವ ದಾರಿ ನಾವು ಮಾಡಿ ನೋಡಿದ್ದು ಒಂದಿದೆ. ಒಂದು ಇನ್ನೂರು ಪುಟದ ನೋಟ್‌ಬುಕ್ ತೊಗೊಳ್ಳಿ. ಎಡಗಡೆ ಪುಟದಲ್ಲಿ ಆ ದಿನ ಕೇಳಿದ ಮಾತನ್ನು ಅವರು ಆಡಿದ ಹಾಗೇ, ಇದೇ ಜವಾರಿ ಕನ್ನಡದಲ್ಲಿ ಬರೆಯಿರಿ. ತಿದ್ದಬೇಡಿ. ಬಲಗಡೆ ಇಂಗ್ಲಿಷು, ಹತ್ತೇ ಸಾಲು. ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು, ಎಡಗಡೆ ಮುಚ್ಚಿ, ಮತ್ತೆ ಕನ್ನಡಕ್ಕೆ ತರಲು ಹೇಳಿ. ‘ಆಗಂಗಿಲ್ಲ’ ಇದ್ದದ್ದು ‘ಒಲ್ಲೆ’ ಆಗಿ ವಾಪಸ್ ಬಂತೋ, ತಪ್ಪು ಅಲ್ಲೇ ಸಿಕ್ಕಿತು. ಸೇಡ್, ಆಸ್ಕ್ಡ್, ಅಗ್ರೀಡ್, ರೆಫ್ಯೂಸ್ಡ್, ಡಿನೈಡ್, ಕಂಪ್ಲೇನ್ಡ್ ಈ ಆರು ಕ್ರಿಯಾಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಇಡದ ಹಾಗೆ ಕಲಿತರೆ ಅರ್ಧ ಕೆಲಸ ಆದ ಹಾಗೆ. ನಮ್ಮ ಸೀಮೆಯ ಮಾತಿಗೆ ಇಂಗ್ಲಿಷು ಹುಡುಕುವಾಗ 1894ರ ಕಿಟೆಲ್ ನಿಘಂಟನ್ನು ಇವತ್ತಿಗೂ ತೆರೆದು ನೋಡಬಹುದು. ಎಷ್ಟೋ ಹಳ್ಳಿಮಾತು ಅದರಲ್ಲಿವೆ.

ಫೋನಿದೆಯಲ್ಲ ಅಂತೀರಿ. ಫೋನು ಈಗ ಕನ್ನಡ ಕೊಟ್ಟರೆ ಇಂಗ್ಲಿಷು ಮಾಡಿಕೊಡುತ್ತದೆ, ನಾವೂ ಬಳಸುತ್ತೇವೆ. ಸುತ್ತೋಲೆ, ಪತ್ರ ಎಲ್ಲ ಹಾಕಿ, ಅಡ್ಡಿಯಿಲ್ಲ. ಆದರೆ ಒಬ್ಬ ತಾಯಿ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದ್ದನ್ನು ಹೆಸರು, ಊರು ಸಮೇತ ಅದರೊಳಗೆ ಹಾಕಬೇಡಿ. ಅದು ಎಲ್ಲಿಗೆ ಹೋಗುತ್ತದೆ ಅಂತ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಸಂದರ್ಶನದ ಹೆದರಿಕೆಗೆ ಔಷಧಿಯೂ ಇದೇ ನೋಟ್‌ಬುಕ್ಕು. ‘ಟೆಲ್ ಅಸ್ ಅಬೌಟ್ ಯುವರ್‌ಸೆಲ್ಫ್’ ಅಂದಾಗ ಬಾಯಿಪಾಠ ಮಾಡಿದ ನಾಲ್ಕು ಸಾಲು ಮೂರನೆಯ ಸಾಲಿಗೆ ನಿಂತುಹೋಗುತ್ತದೆ. ನೀವೇ ಹೋದ ಮನೆ, ನೀವೇ ಬರೆದ ಅರ್ಜಿ, ಅದರಿಂದ ಆದದ್ದು, ಆಗದೇ ಹೋದದ್ದು ಇವನ್ನು ಹೆಸರು ಬಿಟ್ಟು ಹೇಳಿ. ನಡುವೆ ಒಂದು ‘ಹ್ಯಾಸ್’ ತಪ್ಪಿ ‘ಹ್ಯಾವ್’ ಆದರೆ ಯಾರೂ ಕುರ್ಚಿಯಿಂದ ಎಬ್ಬಿಸಿ ಕಳಿಸುವುದಿಲ್ಲ.

ಸರಿ, ಈಗ ಇಬ್ಬಿಬ್ಬರು ಜೋಡಿ ಆಗಿ ಒಂದೊಂದು ಓಣಿಗೆ ಹೊರಡಿ. ಒಬ್ಬರು ಕೇಳಿ, ಒಬ್ಬರು ಬರೆಯಿರಿ. ಬರೆದುಕೊಳ್ಳುವ ಮುಂಚೆ ಆ ಮನೆಯವರ ಒಪ್ಪಿಗೆ ಕೇಳುವುದು ಮರೆಯಬೇಡಿ. ರಾತ್ರಿ ಊಟದ ಮೇಲೆ ಇಲ್ಲೇ ಸೇರೋಣ, ಎಡಗಡೆ ಪುಟ ಮುಚ್ಚಿ ಒಬ್ಬರ ಬಲಗಡೆ ಪುಟವನ್ನು ಇನ್ನೊಬ್ಬರು ಓದೋಣ. ನಿನ್ನೆ ಕೈ ನಡುಗುತ್ತದೆ ಅಂದವರು ಮೊದಲು ಓದಬೇಕು. ನಮ್ಮ ಹಳೆಯ ಫೈಲಿನ ಆ ಒಂದು ಸಾಲನ್ನು, ಹೆಸರು ಮುಚ್ಚಿ, ನಾವೂ ತರುತ್ತೇವೆ.