ಅಮೀರ್‌ಬಾಯಿ ಕರ್ನಾಟಕಿ: ಗುಜರಾತಿ ಪರ್ವದ ಮರುವಿಚಾರ

ವಡೋದರಾದ ಮಂಜಲ್‌ಪುರದಲ್ಲಿ ನೆಲೆಸಿರುವ ಕನ್ನಡಿಗರ ಸಭೆಯಲ್ಲಿ, ಅವರ ನಡುವೆಯೇ ಬಾಳಿದ ಹಿರಿಯರೊಬ್ಬರ ಹೆಸರಿನ ದತ್ತಿಯಡಿ ಉಪನ್ಯಾಸ ನೀಡುವಂತೆ ಬಂದ ಕರೆ ಯಾವ ಸಂಗೀತಾಭ್ಯಾಸಿಗಾದರೂ ದೊಡ್ಡ ಮನ್ನಣೆಯೇ ಸರಿ. ವಿಷಯವಾಗಿ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರನ್ನು ಆರಿಸಿಕೊಂಡದ್ದಕ್ಕೆ ಕಾರಣವೂ ಈ ಊರಿನೊಂದಿಗೇ ಸೇರಿಕೊಂಡಿದೆ. ಅವರ ವೃತ್ತಿಜೀವನವನ್ನು ವಿವರಿಸುವ ಬಹುತೇಕ ಬರಹಗಳು ಹಿಂದಿ ಚಿತ್ರಗಳ ವೈಭವವನ್ನು ಪುಟಗಟ್ಟಲೆ ಹೇಳಿ, ಗುಜರಾತಿ ಹಾಡುಗಳನ್ನು ಕೊನೆಯ ಒಂದೆರಡು ವಾಕ್ಯಗಳಲ್ಲಿ, ಅದೂ ಅವನತಿಯ ಗುರುತೆಂಬಂತೆ, ಮುಗಿಸಿಬಿಡುತ್ತವೆ. ಆ ನಿಲುವು ಕಾಲಾನುಕ್ರಮಕ್ಕೆ ಹೊಂದುವುದಿಲ್ಲವೆಂದು ತೋರಿಸುವುದೇ ಪ್ರಸ್ತುತ ಉಪನ್ಯಾಸದ ಮುಖ್ಯ ಉದ್ದೇಶ.

ಜೀವನದ ಮೂಲಸಂಗತಿಗಳನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ರಹಮತ್ ತರೀಕೆರೆಯವರು ಅಮೀರ್‌ಬಾಯಿಯವರ ಕುರಿತೇ ರಚಿಸಿದ ಕನ್ನಡ ಗ್ರಂಥವನ್ನು ಆಸಕ್ತರು ಓದಿಕೊಳ್ಳಬಹುದು. ಅಂದಿನ ವಿಜಾಪುರ ಜಿಲ್ಲೆಯ, ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿ, ಹಿರಿಯ ಸೋದರಿ ಗೋಹರ್‌ಬಾಯಿಯವರ ಜಾಡಿನಲ್ಲಿ ಮುಂಬಯಿಗೆ ಹೋಗಿ, 1934ರ ‘ವಿಷ್ಣುಭಕ್ತಿ’ಯಿಂದ ಚಿತ್ರರಂಗಕ್ಕೆ ಕಾಲಿಟ್ಟ ಅವರು, ಮೊದಲ ದಶಕದಲ್ಲಿ ನಟನೆ ಮತ್ತು ಗಾಯನ ಎರಡನ್ನೂ ನಿರ್ವಹಿಸಿ, 1965ರ ಮಾರ್ಚ್ 3ರಂದು ತೀರಿಕೊಂಡರು. ಗೋಹರ್‌ಬಾಯಿಯವರು ಮರಾಠಿ ರಂಗಭೂಮಿಯ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ನಟಿಸಿ ಮುಂದೆ ಅವರನ್ನೇ ವರಿಸಿದವರು. ಆ ಮಂಡಳಿಗೆ ಬಡೋದೆಯ, ಅಂದರೆ ಇಂದಿನ ವಡೋದರಾದ, ಸಯಾಜಿರಾವ್ ಗಾಯಕವಾಡರ ಆಶ್ರಯವಿತ್ತೆಂಬುದನ್ನು ಇಲ್ಲಿಯ ಸಭಿಕರಿಗೆ ನೆನಪಿಸಬೇಕಾಗಿಲ್ಲ.

ದಾಖಲೆ ಮುರಿದ ಗಾಯಕಿಯೆಂಬ ಕೀರ್ತಿ ಅಮೀರ್‌ಬಾಯಿಯವರಿಗೆ ದಕ್ಕಿದ್ದು 1943ರ ‘ಕಿಸ್ಮತ್’ನಿಂದ. ಬಾಂಬೆ ಟಾಕೀಸ್ ತಯಾರಿಸಿ ಜ್ಞಾನ್ ಮುಖರ್ಜಿ ನಿರ್ದೇಶಿಸಿದ ಈ ಚಿತ್ರವು ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ 187 ವಾರ ಓಡಿತು. ಮುಂದೆ ಮುಂಬಯಿಯ ಮಿನರ್ವಾದಲ್ಲಿ ‘ಶೋಲೆ’ ಅದನ್ನು ಮೀರಿಸುವವರೆಗೆ ಆ ಸಾಧನೆ ಅಳಿಯದೆ ನಿಂತಿತು. ಅನಿಲ್ ಬಿಸ್ವಾಸರ ಸಂಗೀತದಲ್ಲಿ ನಾಯಕಿ ಮುಮ್ತಾಜ್ ಶಾಂತಿಯವರಿಗೆ ದನಿಯಾದವರು ಅಮೀರ್‌ಬಾಯಿ. ತೆರೆಯ ಮೇಲೆ ಕಾಣಿಸಿಕೊಳ್ಳದೆ ಮತ್ತೊಬ್ಬರ ತುಟಿಯ ಚಲನೆಗೆ ಕೊರಳು ಕೊಡುವ ಈ ಕ್ರಮವನ್ನೇ ಹಿನ್ನೆಲೆ ಗಾಯನವೆನ್ನುವುದು. ನಟಿ-ಗಾಯಕಿಯಾಗಿ ಬಂದವರು ಕೇವಲ ಗಾಯಕಿಯಾಗಿಯೇ ದೇಶದ ಮನೆಮಾತಾದ ಮಾರ್ಪಾಟು ‘ಕಿಸ್ಮತ್’ನಲ್ಲಿ ಎದ್ದು ಕಾಣುತ್ತದೆ. ಮರುವರ್ಷವೇ ನೌಷಾದರ ‘ರತನ್’, ಖೇಮ್‌ಚಂದ್ ಪ್ರಕಾಶರ ‘ಭರ್ತೃಹರಿ’, 1947ರಲ್ಲಿ ಸಿ. ರಾಮಚಂದ್ರರ ‘ಶಹನಾಯಿ’ ಬಂದವು.

ಒಟ್ಟು ಸುಮಾರು 150 ಚಿತ್ರಗಳಲ್ಲಿ ಸುಮಾರು 380 ಹಾಡುಗಳೆಂಬ ಲೆಕ್ಕ ಸಾಮಾನ್ಯವಾಗಿ ಉಲ್ಲೇಖಗೊಳ್ಳುತ್ತದೆ. ಹಾಡುಗಳ ಎಣಿಕೆಯನ್ನೇ ಹಿರಿಮೆಯ ಮಾನದಂಡವಾಗಿಸುವುದು ಎಷ್ಟು ಅಪಾಯಕರವೆಂಬುದಕ್ಕೆ, 1974ರ ಗಿನ್ನೆಸ್ ಪುಸ್ತಕವು ಲತಾ ಮಂಗೇಶ್ಕರರಿಗೆ 25,000 ಹಾಡುಗಳನ್ನು ಬರೆದುಕೊಟ್ಟಾಗ ಮೊಹಮ್ಮದ್ ರಫಿಯವರು ಎತ್ತಿದ ಆಕ್ಷೇಪವೇ ಸಾಕ್ಷಿ. ಅಮೀರ್‌ಬಾಯಿಯವರ ಕಾಲದ ಗ್ರಾಮೊಫೋನ್ ತಟ್ಟೆಗಳ ಲೇಬಲ್ಲಿನ ಮೇಲೆ ಗಾಯಕಿಯ ಬದಲು ಚಿತ್ರದ ಪಾತ್ರದ ಹೆಸರನ್ನು ಅಚ್ಚಿಸುವ ರೂಢಿಯೂ ಇದ್ದುದರಿಂದ, ಲೇಬಲ್ಲುಗಳನ್ನಷ್ಟೇ ನಂಬಿದ ಯಾವ ಎಣಿಕೆಯೂ ಪೂರ್ಣವಾಗಲಾರದು. ಆದ್ದರಿಂದ ಸಂಖ್ಯೆಯ ಚರ್ಚೆಯನ್ನು ಇಲ್ಲಿಗೇ ಬಿಟ್ಟು, ವಿವಾದದ ಕೇಂದ್ರಕ್ಕೆ ಬರುವುದು ಒಳಿತು.

ಪ್ರಚಲಿತ ನಿಲುವು ಹೀಗಿದೆ: ಲತಾ ಮಂಗೇಶ್ಕರರ ಉದಯದಿಂದ ಹಿಂದಿಯಲ್ಲಿ ಅವಕಾಶ ತಪ್ಪಿದ ಅಮೀರ್‌ಬಾಯಿಯವರು ಗುಜರಾತಿ ಮತ್ತು ಮಾರವಾಡಿ ಚಿತ್ರಗಳಲ್ಲಿ ಆಸರೆ ಪಡೆದರು; ಅವರ ದಪ್ಪ, ಅನುನಾಸಿಕ ಕಂಠವು ಮೈಕಿನ ಯುಗಕ್ಕೆ ಒಗ್ಗಲಿಲ್ಲ. ಈ ಹೇಳಿಕೆಯೊಳಗೆ ಕಾಲ, ಮಾರುಕಟ್ಟೆ, ಕಂಠ ಎಂಬ ಮೂರು ಬೇರೆ ಬೇರೆ ವಾದಗಳು ಅಡಗಿವೆ. ಒಟ್ಟಾಗಿ ಹೇಳಿದಾಗ ನಂಬುವಂತೆ ತೋರುವ ಇವು, ಬಿಡಿಸಿ ನೋಡಿದಾಗ ಒಂದೂ ನಿಲ್ಲುವುದಿಲ್ಲ.

ಕಾಲದ ವಾದವಂತೂ ತೀರ ದುರ್ಬಲ. ಅಮೀರ್‌ಬಾಯಿಯವರ ದನಿಯನ್ನು ಗುಜರಾತಿನ ಹಳ್ಳಿಹಳ್ಳಿಗೆ ಮುಟ್ಟಿಸಿದ ಚಿತ್ರ ವಿ. ಎಂ. ವ್ಯಾಸರ ‘ರಾಣಕದೇವಿ’, ಛನ್ನಾಲಾಲ್ ಠಾಕುರರ ಸಂಗೀತದಲ್ಲಿ ಅವರು ಹಾಡಿದ, ಊರಿಗೊಮ್ಮೆ ಬರಹೇಳುವ ಧಾಟಿಯ ಗೀತೆಯನ್ನು ಗುಜರಾತಿ ಮನೆಗಳ ಹಿರಿಯರು ಮರೆತಿಲ್ಲ. ಚಿತ್ರ ಬಂದದ್ದು 1946ರಲ್ಲಿ. ಲತಾ ಅವರು ಹಿಂದಿ ಚಿತ್ರಗಳಿಗೆ ಹಿನ್ನೆಲೆ ಹಾಡತೊಡಗಿದ್ದೇ 1947ರಲ್ಲಿ. ಗುಲಾಮ್ ಹೈದರರ ‘ಮಜಬೂರ್’ 1948ರದು, ‘ಮಹಲ್’, ‘ಬರ್ಸಾತ್’, ‘ಅಂದಾಜ್’ ಮೂರೂ 1949ರವು. ಕಾರಣಕ್ಕಿಂತ ಮೂರು ವರ್ಷ ಮೊದಲೇ ಪರಿಣಾಮ ಕಾಣಿಸಿಕೊಂಡಿತೆಂದು ಹೇಳುವ ಇತಿಹಾಸ ಇತಿಹಾಸವಲ್ಲ. ಇಷ್ಟು ಮಾತ್ರವಲ್ಲ, ‘ರಾಣಕದೇವಿ’ಯ ಮರುವರ್ಷ ಹಿಂದಿಯ ‘ಶಹನಾಯಿ’ಯಲ್ಲಿ ಅವರ ಹಾಡು ಜನಪ್ರಿಯವಾಯಿತು, 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶಕಿಯಾದರು. ಹೆಣ್ಣು ಸಂಗೀತ ನಿರ್ದೇಶಕರನ್ನು ಬೆರಳೆಣಿಕೆಯಲ್ಲಿ ಕಂಡ ಮುಂಬಯಿ ಚಿತ್ರರಂಗದಲ್ಲಿ ಇಂಥ ಹೊಣೆಯನ್ನು ಮೂಲೆಗುಂಪಾದ ಗಾಯಕಿಗೆ ಯಾವ ನಿರ್ಮಾಪಕನೂ ವಹಿಸುವುದಿಲ್ಲ. 1949ರ ನಂತರ ಅವರ ಹಿಂದಿ ಹಾಡುಗಳು ಇಳಿಮುಖವಾದವೆಂಬುದು ನಿಜ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅಲ್ಲಗಳೆಯಬೇಕಾದದ್ದು ಆ ಇಳಿಮುಖಕ್ಕೂ ಗುಜರಾತಿ ಹಾಡುಗಳಿಗೂ ಹೆಣೆದ ನಂಟನ್ನು.

ಮಾರುಕಟ್ಟೆಯ ವಾದವು ಗುಜರಾತಿ ಚಿತ್ರರಂಗವನ್ನು ಸೋತವರ ಬಿಡಾರವೆಂದು ಬಗೆಯುತ್ತದೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧ. ಮೊದಲ ಗುಜರಾತಿ ವಾಕ್ಚಿತ್ರ ‘ನರಸಿಂಹ ಮೆಹತಾ’ 1932ರಲ್ಲಿ ತೆರೆಕಂಡರೂ, ಮುಂದಿನ ವರ್ಷಗಳಲ್ಲಿ ನಿರ್ಮಾಣ ಕುಂಟುತ್ತಲೇ ಸಾಗಿ, ಎರಡನೆಯ ಮಹಾಯುದ್ಧದಲ್ಲಿ ಕಚ್ಚಾ ಫಿಲ್ಮಿನ ಪಡಿತರದಿಂದಾಗಿ ಪೂರ್ತಿ ನಿಂತುಹೋಯಿತು. ಕಚ್ಚಾ ಫಿಲ್ಮ್ ಎಂದರೆ ಚಿತ್ರೀಕರಣಕ್ಕೆ ಬಳಸುವ ಖಾಲಿ ಸುರುಳಿ, ಅದು ಆಗ ವಿದೇಶದಿಂದಲೇ ಬರಬೇಕಿತ್ತು. ಯುದ್ಧ ಮುಗಿದೊಡನೆ ‘ರಾಣಕದೇವಿ’ಯ ಯಶಸ್ಸು ಬೀಗ ಮುರಿಯಿತು: 1948ರ ಒಂದೇ ವರ್ಷದಲ್ಲಿ 26, 1946ರಿಂದ 1952ರವರೆಗೆ ಒಟ್ಟು 74 ಚಿತ್ರಗಳು ತಯಾರಾದವು. ಅಂದರೆ ಅಮೀರ್‌ಬಾಯಿಯವರು ಗುಜರಾತಿಗೆ ಬಂದದ್ದು ಆ ಉಬ್ಬರದ ಮೊದಲ ಅಲೆಯೊಂದಿಗೇ. ನಿರುಪಾ ರಾಯ್ ಅವರು ಮೊದಲು ತೆರೆಗೆ ಬಂದದ್ದೂ ಅದೇ ಚಿತ್ರದಲ್ಲಿ. ಇನ್ನೊಂದು ಹೋಲಿಕೆಯನ್ನು ಎದುರಾಳಿಗಳು ಜಾಣತನದಿಂದ ಬದಿಗಿಡುತ್ತಾರೆ. 1947ರ ‘ದೋ ಭಾಯಿ’ಯಿಂದ ಹಿಂದಿಯಲ್ಲಿ ಉಚ್ಛ್ರಾಯಕ್ಕೇರಿದ ಗೀತಾ ರಾಯ್ ಅವರು 1949ರಲ್ಲಿ ಅವಿನಾಶ್ ವ್ಯಾಸರ ಸಂಗೀತದಲ್ಲಿ ಗುಜರಾತಿ ‘ಮಂಗಳ ಫೇರಾ’ಕ್ಕೆ ಹಾಡಿದರು. ಅದನ್ನು ಆಸರೆಯೆಂದು ಯಾರೂ ಕರೆಯಲಿಲ್ಲ, ವಿಸ್ತಾರವೆಂದರು. ಒಂದೇ ಕೆಲಸಕ್ಕೆ ಒಬ್ಬ ಗಾಯಕಿಯಲ್ಲಿ ವಿಸ್ತಾರವೆಂದೂ ಮತ್ತೊಬ್ಬ ಗಾಯಕಿಯಲ್ಲಿ ಅವನತಿಯೆಂದೂ ಹೆಸರಿಡುವುದು ವಿಮರ್ಶೆಯ ಧರ್ಮವಲ್ಲ.

ಆಡಳಿತದ ಭೂಪಟವನ್ನೂ ಗಮನಿಸಬೇಕು. ಬೀಳಗಿ, ಅಹಮದಾಬಾದ್, ಸೂರತ್ ಮೂರೂ ಆಗ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಬಡೋದೆ ಸಂಸ್ಥಾನವೂ 1949ರಲ್ಲಿ ಅದರಲ್ಲೇ ಲೀನವಾಯಿತು. ವಿಜಾಪುರ ಅದರಿಂದ ಬೇರ್ಪಟ್ಟದ್ದು 1956ರಲ್ಲಿ, ಗುಜರಾತ್ ಬೇರೆ ರಾಜ್ಯವಾದದ್ದು 1960ರಲ್ಲಿ. ಗುಜರಾತಿ ಚಿತ್ರಗಳು ಬಹುಪಾಲು ತಯಾರಾಗುತ್ತಿದ್ದುದು ಮುಂಬಯಿಯಲ್ಲೇ. ವಡೋದರಾ, ಹಾಲೋಲ್‌ಗಳ ಸ್ಟುಡಿಯೊಗಳು ಬಹಳ ಮುಂದಿನವು. ಆದ್ದರಿಂದ ಹಿಂದಿಯಿಂದ ಗುಜರಾತಿಗೆ ಹೋಗಲು ಅಮೀರ್‌ಬಾಯಿಯವರು ಊರನ್ನಾಗಲಿ ವೃತ್ತಿವಲಯವನ್ನಾಗಲಿ ಬಿಡಬೇಕಿರಲಿಲ್ಲ. ಮುಖ್ಯ ವಾದಕ್ಕೆ ಅವಶ್ಯವಲ್ಲದಿದ್ದರೂ ಹೇಳದೆ ಬಿಡಲಾಗದ ಒಂದು ಸಂಗತಿಯಿದೆ: ರಾಣಕದೇವಿಯ ಐತಿಹ್ಯದಲ್ಲಿ ಜುನಾಗಢದ ಮೇಲೆ ದಂಡೆತ್ತಿ ಬರುವ ಪಾಟಣದ ಸಿದ್ಧರಾಜ ಜಯಸಿಂಹನ ತಾಯಿ ಮಯಣಲ್ಲದೇವಿ, ಗೋವೆಯ ಕದಂಬ ದೊರೆ ಜಯಕೇಶಿಯ ಮಗಳು. ಧೋಳ್ಕಾದ ಮಲಾವ್ ಕೆರೆಯನ್ನು ಗುಜರಾತಿಗರು ಇಂದಿಗೂ ಮೀನಳದೇವಿಯೆಂಬ ಹೆಸರಿನಿಂದ ಆ ರಾಣಿಯದೆಂದೇ ಹೇಳುತ್ತಾರೆ. ಎರಡು ನಾಡುಗಳ ಇಂಥ ಕೊಡುಕೊಳೆಯ ಬಗ್ಗೆ ಅಪಾರ ಆಸ್ಥೆಯಿದ್ದ ಈ ದತ್ತಿಯ ಹಿರಿಯರ ಸ್ಮರಣೆಗೆ ಈ ಮಾತು ಸಲ್ಲತಕ್ಕದ್ದು.

ಕಂಠದ ವಾದವು ಕೇಳಲು ಶಾಸ್ತ್ರೀಯವೆನಿಸುವುದರಿಂದ ಹೆಚ್ಚು ಜನರನ್ನು ಒಪ್ಪಿಸಿದೆ. ಮೆಹಫಿಲಿನ, ಅಂದರೆ ಖಾಸಗಿ ಬೈಠಕ್ಕಿನ, ತೆರೆದ ಗಂಟಲಿನ ಗಾಯನವು ಸಣ್ಣ ದನಿಯನ್ನೂ ಹಿಡಿಯಬಲ್ಲ ಮೈಕಿನ ಮುಂದೆ ಹಳತಾಯಿತೆಂಬುದು ಅದರ ಸಾರ. ಹಾಗಿದ್ದರೆ, ‘ಕಿಸ್ಮತ್’ನಲ್ಲಿ ಮೋಡಕ್ಕೆ ಮೆಲ್ಲಗೆ ಬಾರೆಂದು ಹೇಳುವ ಲಾಲಿಯ ಗುಣದ ಹಾಡನ್ನು ವಿವರಿಸುವುದು ಹೇಗೆ? ಅಲ್ಲಿ ಅಮೀರ್‌ಬಾಯಿಯವರು ದನಿಯನ್ನು ಎಲ್ಲೂ ತಳ್ಳುವುದಿಲ್ಲ. ಸ್ವರಗಳನ್ನು ಒತ್ತದೆ ಜಾರಿಸುತ್ತಾರೆ, ಉಸಿರನ್ನು ಮೈಕಿಗೆ ತೀರ ಹತ್ತಿರದಿಂದ ಬಿಡುತ್ತಾರೆ. ಮೈಕಿನ ಕಲೆಯನ್ನು 1943ರಲ್ಲೇ ಕರಗತ ಮಾಡಿಕೊಂಡವರಿಗೆ 1949ರಲ್ಲಿ ಅದೇ ಮೈಕು ಶತ್ರುವಾಯಿತೆಂಬುದು ನಂಬತಕ್ಕದ್ದಲ್ಲ. ದಪ್ಪ ಕಂಠವೇ ತೊಡಕಾಗಿದ್ದಲ್ಲಿ ಶಂಶಾದ್ ಬೇಗಂ ಅವರು ಐವತ್ತರ ದಶಕದುದ್ದಕ್ಕೂ ಬೇಡಿಕೆಯಲ್ಲಿ ಉಳಿಯುತ್ತಿರಲಿಲ್ಲ.

ಹಾಗಾದರೆ ಹಿಂದಿಯಲ್ಲಿ ಅವಕಾಶ ಕುಗ್ಗಿದ್ದೇಕೆ? ಅಮೀರ್‌ಬಾಯಿಯವರ ಹಿಂದಿ ಕೀರ್ತಿಯನ್ನು ಕಟ್ಟಿದ ನಾಲ್ವರು ಸಂಗೀತ ನಿರ್ದೇಶಕರ ಪಟ್ಟಿಯನ್ನೂ, ಅದೇ ನಾಲ್ವರು 1948-49ರಲ್ಲಿ ಮಾಡಿದ ಆಯ್ಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ದೊರೆಯುತ್ತದೆ. ‘ಕಿಸ್ಮತ್’ನ ಅನಿಲ್ ಬಿಸ್ವಾಸರು ‘ಅನೋಖಾ ಪ್ಯಾರ್’ಗೆ, ‘ಭರ್ತೃಹರಿ’ಯ ಖೇಮ್‌ಚಂದ್ ಪ್ರಕಾಶರು ‘ಮಹಲ್’ಗೆ, ‘ರತನ್’ನ ನೌಷಾದರು ‘ಅಂದಾಜ್’ಗೆ, ‘ಶಹನಾಯಿ’ಯ ಸಿ. ರಾಮಚಂದ್ರರು ‘ಪತಂಗಾ’ಕ್ಕೆ ಲತಾ ಅವರನ್ನು ಕರೆದರು. ಹದಿನೆಂಟು ಇಪ್ಪತ್ತು ತಿಂಗಳ ಅವಧಿಯಲ್ಲಿ ನಾಲ್ಕು ಬಾಗಿಲುಗಳೂ ಒಟ್ಟಿಗೆ ಬೇರೆಡೆ ತೆರೆದುಕೊಂಡವು. ಇದು ಕೇಳುಗರು ಕೊಟ್ಟ ತೀರ್ಪಲ್ಲ. ಕೆಲವೇ ವೃತ್ತಿಪರರ, ಬಹುಶಃ ನ್ಯಾಯವೇ ಆಗಿದ್ದ, ಆಯ್ಕೆ. ಲತಾ ಅವರ ಪ್ರತಿಭೆಯನ್ನು ಕಿರಿದುಗೊಳಿಸುವ ಉದ್ದೇಶ ಈ ವಾದಕ್ಕೆ ಕಿಂಚಿತ್ತೂ ಇಲ್ಲ. ಆದರೆ ನಿರ್ದೇಶಕರ ಆಯ್ಕೆಯನ್ನು ಕಂಠದ ಸೋಲೆಂದು ದಾಖಲಿಸಿರುವುದು ಬೀಳಗಿಯ ಗಾಯಕಿಗೆ ಮಾಡಿದ ಅನ್ಯಾಯ. ಗುಜರಾತಿ ಕೇಳುಗರಂತೂ ಆಕೆಯನ್ನು ಬೇಡವೆನ್ನಲಿಲ್ಲ.

ಗುಜರಾತಿ ನಂಟಿನ ಬೇರು ‘ರಾಣಕದೇವಿ’ಗಿಂತಲೂ ಹಿಂದಕ್ಕೆ ಹೋಗುತ್ತದೆ. 1940ರಲ್ಲಿ, ಸೌರಾಷ್ಟ್ರದ ಪಾಲಿತಾಣಾದವರಾದ ವಿಜಯ್ ಭಟ್ಟರ ‘ನರಸಿ ಭಗತ್’ನಲ್ಲಿ, ವಿಷ್ಣುಪಂತ ಪಾಗ್ನಿಸರು ಮುಖ್ಯಪಾತ್ರ ವಹಿಸಿದ್ದ ಆ ಚಿತ್ರದಲ್ಲಿ, ಶಂಕರರಾವ್ ವ್ಯಾಸರ ಸಂಗೀತಕ್ಕೆ ಅಮೀರ್‌ಬಾಯಿಯವರು ನರಸಿಂಹ ಮೆಹತಾರ ‘ವೈಷ್ಣವ ಜನತೋ’ ಹಾಡಿದರು. ಇದನ್ನು ಗಾಂಧೀಜಿಯವರ ಮೆಚ್ಚುಗೆಯೊಂದಿಗೆ ಗಂಟುಹಾಕಿ, ಆ ಮೆಚ್ಚುಗೆಯಿಂದಲೇ ಗಾಯಕಿಗೆ ಮನ್ನಣೆ ಬಂತೆಂಬಂತೆ ಬರೆಯುವವರಿದ್ದಾರೆ. ಆದರೆ ಸಾಬರಮತಿ ಆಶ್ರಮದ ಪ್ರಾರ್ಥನೆಯಲ್ಲಿ ಆ ಪದ ನಾರಾಯಣ ಮೋರೇಶ್ವರ ಖರೆಯವರ ಕಾಲದಿಂದಲೇ, ಚಿತ್ರಕ್ಕಿಂತ ಬಹಳ ಮೊದಲೇ, ಸಲ್ಲುತ್ತಿತ್ತು. ಖರೆಯವರೂ ಶಂಕರರಾವ್ ವ್ಯಾಸರೂ ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಭಜನೆಯನ್ನು ರಾಗದ ಶಿಸ್ತಿಗೆ ಅಳವಡಿಸಿದ ಒಂದೇ ಪರಂಪರೆ ಆಶ್ರಮದಲ್ಲೂ ಚಿತ್ರದಲ್ಲೂ ಕೆಲಸ ಮಾಡಿತು. ಅಮೀರ್‌ಬಾಯಿಯವರ ಹಿರಿಮೆ ಇರುವುದು ಆಶ್ರಮದೊಳಗೆ ಪ್ರಾರ್ಥನೆಯಾಗಿದ್ದ ಆ ಪದವನ್ನು ಟಿಕೆಟ್ ಕೊಂಡು ಬಂದ ಪ್ರೇಕ್ಷಕರ ಕಿವಿಗೆ ಗಾಂಭೀರ್ಯ ಕೆಡದಂತೆ ತಲುಪಿಸಿದ್ದರಲ್ಲಿ. ಗುಜರಾತಿಯ ಆದಿಕವಿಯ ಪದವನ್ನು ಮುಸ್ಲಿಂ ಮನೆತನದ ಕನ್ನಡತಿಯ ಕಂಠದಿಂದ ಕೇಳಿ ಒಪ್ಪಿದ ಸಮಾಜಕ್ಕೆ, ಆರು ವರ್ಷಗಳ ನಂತರದ ‘ರಾಣಕದೇವಿ’ಯಲ್ಲಿ ಆ ದನಿ ಅಪರಿಚಿತವಾಗಿರಲಿಲ್ಲ.

ಕನ್ನಡದಿಂದಲೇ ಬರುವ ಮತ್ತೊಂದು ದೂರಿಗೂ ಉತ್ತರ ಬೇಕು. ಅಮೀರ್‌ಬಾಯಿಯವರು ತಾಯ್ನುಡಿಗೆ ಸಲ್ಲಬೇಕಾದದ್ದನ್ನು ಪರಭಾಷೆಗೆ ಧಾರೆಯೆರೆದರೆಂದು ಕೊರಗುವವರು, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂದದ್ದೇ 1934ರಲ್ಲೆಂಬುದನ್ನೂ, ನಂತರದ ದಶಕದಲ್ಲಿ ಕನ್ನಡ ಚಿತ್ರಗಳು ವರ್ಷಕ್ಕೊಂದೆರಡರಂತೆ ಹುಟ್ಟಿದವೆಂಬುದನ್ನೂ ಮರೆಯುತ್ತಾರೆ. ಮೈಸೂರು ಮದರಾಸುಗಳ ಆ ಉದ್ಯಮಕ್ಕಿಂತ ವಿಜಾಪುರದ ಹುಡುಗಿಗೆ ಮುಂಬಯಿ ಹತ್ತಿರದ ಊರು. ‘ಕನ್ನಡ ಕೋಗಿಲೆ’ ಎಂಬ ಬಿರುದನ್ನು ಹೊತ್ತು, ‘ಕರ್ನಾಟಕಿ’ ಎಂಬ ಹೆಸರನ್ನು ತಮ್ಮ ಹಾಡುಗಳ ಜೊತೆಗೆ ದೇಶಕ್ಕೆಲ್ಲ ಒಯ್ದು, ವಿಜಾಪುರದಲ್ಲಿ ಅಮೀರ್ ಟಾಕೀಸನ್ನು ಬಿಟ್ಟುಹೋದವರನ್ನು ನಾಡು ತೊರೆದವರೆಂದು ಕರೆಯಲಾಗದು. ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದು, ದಕ್ಷಿಣಾದಿ ಸಂಗೀತವನ್ನೂ ಅಭ್ಯಾಸ ಮಾಡಿ, ಬಡೋದೆಯ ಸಂಗೀತ ಶಾಲೆಯನ್ನು 1886ರಲ್ಲಿ ಕಟ್ಟಿದ ಮೌಲಾ ಬಕ್ಷರನ್ನು ಗುಜರಾತಿಗರು ಹಾಗೆ ಕರೆದಿಲ್ಲ.

ಮುಂದಿನ ಕೆಲಸ ಗ್ರಂಥಾಲಯಕ್ಕಿಂತ ಹೆಚ್ಚಾಗಿ ಮನೆಗಳಲ್ಲಿದೆ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಯುತ್ತದೆ. ಲೇಬಲ್ಲಿನ ಪಕ್ಕದಲ್ಲಿ ಕೆತ್ತಿರುವ ಮ್ಯಾಟ್ರಿಕ್ಸ್ ಸಂಖ್ಯೆಯು, ಅಂದರೆ ಆ ಧ್ವನಿಮುದ್ರಣದ ಕ್ರಮಸಂಖ್ಯೆಯು, ಯಾವ ಹಾಡು ಯಾವುದರ ನಂತರ ಮುದ್ರಿತವಾಯಿತೆಂಬುದನ್ನು ಲೇಬಲ್ಲಿಗಿಂತ ನಂಬಿಗಸ್ತವಾಗಿ ತಿಳಿಸುತ್ತದೆ. ಅಹಮದಾಬಾದ್, ವಡೋದರಾ, ಸೂರತ್‌ಗಳ ಗುಜರಾತಿ ಮನೆಗಳಲ್ಲಿ ಉಳಿದಿರಬಹುದಾದ ತಟ್ಟೆಗಳನ್ನು ಹುಡುಕಿ, ತಟ್ಟೆಯ ಸಂಖ್ಯೆ, ಮ್ಯಾಟ್ರಿಕ್ಸ್ ಸಂಖ್ಯೆ, ಚಿತ್ರ, ಸಂಗೀತ ನಿರ್ದೇಶಕ, ಲೇಬಲ್ಲಿನ ಮೇಲಿರುವುದು ಗಾಯಕಿಯ ಹೆಸರೋ ಪಾತ್ರದ ಹೆಸರೋ ಎಂಬಿಷ್ಟನ್ನು ಬರೆದಿಡುವ ಕಾರ್ಯಕ್ಕೆ, ಎರಡೂ ಭಾಷೆ ಬಲ್ಲ ಇಲ್ಲಿಯ ಕನ್ನಡಿಗರಿಗಿಂತ ತಕ್ಕವರು ಬೇರಿಲ್ಲ. 1946ರಿಂದ 1949ರವರೆಗಿನ ಹಿಂದಿ ಮತ್ತು ಗುಜರಾತಿ ತಟ್ಟೆಗಳಿಂದಲೇ ಈ ಪಟ್ಟಿ ಆರಂಭವಾಗಬೇಕು. ಮೇಲಿನ ವಾದವು ಸರಿಯೋ ತಪ್ಪೋ ಎಂಬುದನ್ನು ಪರೀಕ್ಷಿಸಬೇಕಾದದ್ದು ಆ ನಾಲ್ಕು ವರ್ಷಗಳಲ್ಲೇ.